ಕ್ರೂಸ್ ಪ್ರವಾಸಕ್ಕೆ ವಿಮೆ: ಸಹಿ ಹಾಕುವ ಮುನ್ನ ಪಾಲಿಸಿಯಲ್ಲಿ ಏನು ನೋಡಬೇಕು?

ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನ, ಅಲ್ಲಿಂದ ಪೆನಾಂಗ್, ಫುಕೆಟ್ ಸುತ್ತಿ ಬರುವ ನಾಲ್ಕು ರಾತ್ರಿಯ ಹಡಗು. ಇಂಥ ಪ್ಯಾಕೇಜಿನ ಕೊನೆಯಲ್ಲಿ ‘ಪ್ರವಾಸ ವಿಮೆ ಸೇರಿದೆ’ ಎಂಬ ಸಾಲು ಕಂಡರೆ ಸಾಕು, ನಾವು ಮುಂದಿನದನ್ನು ಓದುವುದಿಲ್ಲ. ಆದರೆ ಆ ವಿಮೆ ಬಹುಮಟ್ಟಿಗೆ ವಿಮಾನದಲ್ಲಿ ಹೋಗಿ ಹೋಟೆಲಿನಲ್ಲಿ ಉಳಿದು ಬರುವವರಿಗಾಗಿ ಮಾಡಿದ್ದು. ನಡುಸಮುದ್ರದಲ್ಲಿ ಎದೆನೋವು ಬಂದರೆ, ಹಡಗು ನಿಮ್ಮನ್ನು ಬಿಟ್ಟು ಹೋದರೆ ಏನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲೂಬಹುದು, ಇಲ್ಲದಿರಲೂಬಹುದು. ಪ್ರೀಮಿಯಂ ಹೋಲಿಸುವ ಮೊದಲು ಇದನ್ನು ಪತ್ತೆ ಮಾಡಿಕೊಳ್ಳಬೇಕು.

ಮೊದಲು ಬಂದರುಗಳ ಪಟ್ಟಿ

ಹಡಗು ನಿಲ್ಲುವ ಎಲ್ಲ ಊರುಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಾಲಿಸಿಗಳು ಭೂಭಾಗದ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಕೆಲವು ಕಂಪನಿಗಳ ‘ಏಷ್ಯಾ’ ಪ್ಲಾನಿನಲ್ಲಿ ಜಪಾನ್ ಇರುವುದಿಲ್ಲ. ‘ಅಮೆರಿಕ, ಕೆನಡಾ ಬಿಟ್ಟು ಇಡೀ ಜಗತ್ತು’ ಎನ್ನುವ ಅಗ್ಗದ ಪ್ಲಾನ್ ಅಲಾಸ್ಕಾಗೆ ಹೋಗುವವರಿಗೆ ನಿರುಪಯೋಗಿ. ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಹಡಗುಗಳು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲೂ ನಿಲ್ಲುತ್ತವೆ. ಯುರೋಪಿಗಾದರೆ ಷೆಂಗೆನ್ ವೀಸಾಕ್ಕೆ (ಅಲ್ಲಿನ ಹಲವು ದೇಶಗಳಿಗೆ ಸೇರಿ ಸಿಗುವ ಒಂದೇ ವೀಸಾ) ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಅದು ವೀಸಾ ಕೌಂಟರಿನ ಲೆಕ್ಕ, ಆಸ್ಪತ್ರೆಯ ಲೆಕ್ಕವಲ್ಲ. ನನ್ನನ್ನು ಕೇಳಿದರೆ, ಏಷ್ಯಾದ ಪ್ರವಾಸಕ್ಕೆ 1 ಲಕ್ಷ ಡಾಲರ್, ಅಮೆರಿಕದ ಬಂದರು ಇದ್ದರೆ 2.5 ಲಕ್ಷ ಡಾಲರ್‌ಗಿಂತ ಕೆಳಗೆ ಇಳಿಯಬೇಡಿ. ಪಾಲಿಸಿಯ ಅವಧಿಯನ್ನು ಮನೆ ಬಿಟ್ಟ ದಿನದಿಂದ ಮರಳುವ ದಿನದವರೆಗೆ ಎಣಿಸಿ, ಮೇಲೆ ಎರಡು ದಿನ ಸೇರಿಸಿ.

ಮುಂಬೈ–ಗೋವಾ–ಲಕ್ಷದ್ವೀಪದಂಥ ದೇಶದೊಳಗಿನ ಕ್ರೂಸ್‌ಗೆ ವಿದೇಶ ಪ್ರವಾಸದ ಪಾಲಿಸಿ ಅಲ್ಲ, ದೇಶೀಯ ಪ್ರವಾಸದ ಪಾಲಿಸಿ ಕೇಳಬೇಕು.

ನಂತರ ಆಸ್ಪತ್ರೆಯ ಪ್ರಶ್ನೆ

ದೊಡ್ಡ ಹಡಗಿನಲ್ಲಿ ಡಾಕ್ಟರು, ನರ್ಸು, ನಾಲ್ಕಾರು ಹಾಸಿಗೆ ಇರುತ್ತವೆ. ಡ್ರಿಪ್ ಹಾಕುತ್ತಾರೆ, ಇಸಿಜಿ ತೆಗೆಯುತ್ತಾರೆ. ಆಪರೇಷನ್ ಬೇಕೆಂದರೆ ದಡಕ್ಕೆ ಸಾಗಿಸುವುದೇ ದಾರಿ. ಡಾಕ್ಟರ ಬಿಲ್ಲು ನಿಮ್ಮ ಕ್ಯಾಬಿನ್ನಿನ ಖಾತೆಗೆ ಬೀಳುತ್ತದೆ, ಊಟದ ಬಿಲ್ಲಿನ ಜೊತೆಗೇ. ಅಲ್ಲಿ ‘ಕ್ಯಾಶ್‌ಲೆಸ್’ ಸಾಮಾನ್ಯವಾಗಿ ನಡೆಯದು. ಇಳಿಯುವ ಮುಂಚೆ ಕಾರ್ಡ್ ಉಜ್ಜಿ, ಊರಿಗೆ ಬಂದು ಕ್ಲೇಮು ಮಾಡಬೇಕು. ಹಾಗಾಗಿ ಔಷಧಿ, ಪರೀಕ್ಷೆ, ಶುಲ್ಕ ಬಿಡಿಬಿಡಿಯಾಗಿ ನಮೂದಾದ ಬಿಲ್ಲನ್ನೂ ಡಾಕ್ಟರ ಸಹಿ ಇರುವ ಚೀಟಿಯನ್ನೂ ಹಡಗಿನಲ್ಲೇ ಕೇಳಿ ಪಡೆಯಿರಿ.

ಜೇಬಿಗೆ ನಿಜವಾದ ಹೊಡೆತ ಕೊಡುವುದು ಸಾಗಾಟದ ಖರ್ಚು. ಹೆಲಿಕಾಪ್ಟರ್ ಅಥವಾ ದೋಣಿ, ಅಪರಿಚಿತ ದೇಶದ ಆಸ್ಪತ್ರೆ, ಅಲ್ಲಿಂದ ನರ್ಸಿನ ಜೊತೆ ಬೆಂಗಳೂರಿಗೆ ವಿಮಾನ. ಪಾಲಿಸಿಯಲ್ಲಿ ‘ಮೆಡಿಕಲ್ ಇವ್ಯಾಕ್ಯುಯೇಷನ್’ ಎಂಬ ಸಾಲು ಹುಡುಕಿ. ಅದಕ್ಕೆ ಬೇರೆ ಮಿತಿ ಇದೆಯೋ, ಸಮುದ್ರದಿಂದ ಸಾಗಿಸಿದರೂ ಅನ್ವಯಿಸುತ್ತದೆಯೋ ಎಂದು ಕೇಳಿ. ಈ ಒಂದು ಸಾಲು ದುರ್ಬಲವಾಗಿದ್ದರೆ ಬೇರೆ ಸೌಲಭ್ಯ ಎಷ್ಟಿದ್ದರೂ ಆ ಪಾಲಿಸಿ ಬೇಡ.

ಬಿಪಿ, ಶುಗರ್ ಇದ್ದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅರ್ಜಿಯಲ್ಲಿ ‘ಈಗಾಗಲೇ ಇರುವ ಕಾಯಿಲೆ’ ಎಂಬ ಪ್ರಶ್ನೆಗೆ ಏಜೆಂಟರೇ ‘ಇಲ್ಲ’ ಎಂದು ಟಿಕ್ ಹಾಕಿಬಿಡುವುದುಂಟು, ಪ್ರೀಮಿಯಂ ಏರದಿರಲಿ ಎಂದು. ಹಡಗಿನಲ್ಲಿ ಪಾರ್ಶ್ವವಾಯು ಬಡಿದಾಗ ಡಾಕ್ಟರು ಮೊದಲು ಕೇಳುವುದೇ ‘ದಿನಾ ಯಾವ ಮಾತ್ರೆ ತಗೋತೀರಿ?’ ಎಂದು. ಆ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ, ಕ್ಲೇಮು ಅಲ್ಲಿಗೇ ಬೀಳುತ್ತದೆ. ಅರ್ಜಿಯನ್ನು ನೀವೇ ತುಂಬಿ. ಕಾಯಿಲೆ ಹೇಳಿಕೊಂಡರೂ ಎಷ್ಟೋ ಪಾಲಿಸಿಗಳು ಜೀವಕ್ಕೆ ಅಪಾಯವಾದಾಗಿನ ಚಿಕಿತ್ಸೆಗೆ ಮಾತ್ರ ಹಣ ಕೊಡುತ್ತವೆ. ಅರವತ್ತು ದಾಟಿದವರಿಗೆ ಐಸಿಯು, ರೂಮು, ಸರ್ಜರಿಗೆ ಒಳಮಿತಿ, ಅಂದರೆ ಒಂದೊಂದಕ್ಕೂ ಇಷ್ಟೇ ಹಣ ಎಂಬ ಮಿತಿ, ಹಾಕುವುದೂ ಸಾಮಾನ್ಯ. ಅಪ್ಪ ಅಮ್ಮನ ಹೆಸರಿನಲ್ಲಿ ಪಾಲಿಸಿ ಮಾಡಿಸುವ ಮಕ್ಕಳು ಆ ಕೋಷ್ಟಕವನ್ನು ಮೊದಲು ಓದಲಿ.

ಹಡಗು ತಪ್ಪಿದರೆ, ದಾರಿ ಬದಲಾದರೆ

2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೊ ಟೋಮೆ ದ್ವೀಪದಲ್ಲಿ ಸುತ್ತಾಡಲು ಹೋಗಿ ತಡವಾದ ಎಂಟು ಪ್ರವಾಸಿಗರನ್ನು ಬಿಟ್ಟು ‘ನಾರ್ವೇಜಿಯನ್ ಡಾನ್’ ಹಡಗು ಹೊರಟೇಬಿಟ್ಟಿತ್ತು. ಮುಂದಿನ ಬಂದರಿಗೆ ಹೋಗುವ ಖರ್ಚು ಇಂಥ ಸಂದರ್ಭದಲ್ಲಿ ಪ್ರಯಾಣಿಕರದೇ. ತಡವಾದದ್ದು ನಿಮ್ಮ ಅಜಾಗ್ರತೆಯಿಂದಾದರೆ ವಿಮೆಯೂ ಕೈ ಹಿಡಿಯುವುದು ಕಷ್ಟ. ವಿಮಾನ ತಡವಾಗಿ ಹಡಗು ತಪ್ಪಿದ್ದಕ್ಕೆ ಮಾತ್ರ ಕೆಲವು ಪಾಲಿಸಿಗಳು ಕೊಡುತ್ತವೆ, ಅದೂ ಇಷ್ಟು ಗಂಟೆ ತಡವಾಗಿರಬೇಕು ಎಂಬ ಷರತ್ತಿನ ಮೇಲೆ. ಹಿಂದಿನ ದಿನವೇ ಬಂದರು ಸೇರಿಕೊಳ್ಳುವುದು ಇದಕ್ಕಿಂತ ಒಳ್ಳೆಯ ವಿಮೆ.

ಬಿರುಗಾಳಿಯ ಕಾರಣಕ್ಕೆ ಒಂದು ಬಂದರನ್ನೇ ಕೈಬಿಡುವ ಅಧಿಕಾರ ಹಡಗು ಕಂಪನಿಗೆ ಟಿಕೆಟ್ಟಿನ ಒಪ್ಪಂದದಲ್ಲೇ ಇರುತ್ತದೆ. ಇದಕ್ಕೆ ಪರಿಹಾರ, ಕ್ಯಾಬಿನ್ನಿನಲ್ಲೇ ಕೂಡಿಹಾಕಿದರೆ ದಿನಕ್ಕಿಷ್ಟು ಭತ್ಯೆ ಮುಂತಾದವು ಪ್ರತ್ಯೇಕ ‘ಕ್ರೂಸ್ ಕವರ್’ನಲ್ಲಿ ಸಿಗಬಹುದು. 2020ರ ಫೆಬ್ರುವರಿಯಲ್ಲಿ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗಿನ 3,711 ಮಂದಿ ಕೋವಿಡ್ ಕ್ವಾರಂಟೈನ್‌ಗೆ ಸಿಕ್ಕಿಕೊಂಡದ್ದು ನೆನಪಿದ್ದವರಿಗೆ ಇದರ ಬೆಲೆ ಗೊತ್ತು.

ಪ್ರವಾಸ ರದ್ದಾದರೆ? ಹೊರಡುವ ದಿನ ಹತ್ತಿರ ಬಂದಷ್ಟೂ ಹಡಗು ಕಂಪನಿ ಮುರಿದುಕೊಳ್ಳುವ ಹಣ ಏರುತ್ತದೆ, ಕೊನೆಗೆ ಪೂರ್ತಿ ಹಣವೇ ಹೋಗುತ್ತದೆ. ಪಾಲಿಸಿಯ ರದ್ದತಿ ಮಿತಿ ನೀವು ಕಟ್ಟಿದ ಮೊತ್ತಕ್ಕೆ ಹತ್ತಿರವಿದೆಯೇ ನೋಡಿ. ಬುಕಿಂಗ್ ಆದ ಕೂಡಲೇ ಪಾಲಿಸಿ ಕೊಂಡರೆ ಮಾತ್ರ ಇದರ ಲಾಭ. ಲಗೇಜಿನ ಕವರ್‌ಗೆ ನಾನು ಅಷ್ಟು ಮಹತ್ವ ಕೊಡುವುದಿಲ್ಲ.

ಹಣ ಕಟ್ಟುವ ಮುಂಚೆ

ಕುಡಿದ ಅಮಲಿನಲ್ಲಿ ಬಿದ್ದರೆ ಪರಿಹಾರವಿಲ್ಲ. ಜೆಟ್ ಸ್ಕೀ, ಸ್ಕೂಬಾಗೆ ಬೇರೆ ಕವರ್ ಬೇಕಾಗಬಹುದು. ಫೋನಿನಲ್ಲಿ ‘ಎಲ್ಲಾ ಕವರ್ ಆಗುತ್ತೆ ಸರ್’ ಎಂದರೆ, ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ ಎನ್ನಿ. ವಿಮಾ ಕಂಪನಿಯ ಇಪ್ಪತ್ನಾಲ್ಕು ತಾಸಿನ ಸಹಾಯವಾಣಿ ನಂಬರನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ನಡುನೀರಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಹಡಗಿನ ರಿಸೆಪ್ಷನ್‌ನಿಂದ ಕರೆ ಮಾಡಿಸಬಹುದು. ದಡಕ್ಕೆ ಸಾಗಿಸುವ ಮೊದಲು ಸಾಧ್ಯವಾದರೆ ವಿಮಾ ಕಂಪನಿಯ ಒಪ್ಪಿಗೆ ಪಡೆಯಿರಿ.

ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲೂ ದಾಖಲಿಸಬಹುದು. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲೇ ಇರುವ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿ) ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.