ಫಾಕ್‌ಲೆಂಡ್ ಯುದ್ಧ: ಕಣ್ಣಾರೆ ಕಂಡವರ ಮಾತನ್ನು ಹೊಂದಿಸಿ ಓದುವ ಬಗೆ

ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲೆಂಡ್ ದ್ವೀಪಗಳಿಗಾಗಿ 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ ಯುದ್ಧ ಕಂಡವರ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ಓದುವವರು ಮೊದಲು ಎಡವುವುದು ಗಡಿಯಾರದಲ್ಲಿ. ಬ್ರಿಟಿಷ್ ಪಡೆಯದು ಗ್ರೀನಿಚ್ ಸಮಯ, ಅದನ್ನೇ ಜುಲು ಅನ್ನುತ್ತಾರೆ. ಅರ್ಜೆಂಟೀನಾದವರ ಗಡಿಯಾರ 3 ಗಂಟೆ ಹಿಂದೆ. ಪ್ರತಿಯೊಂದು ವೇಳೆಯನ್ನೂ ಪುಟದ ಅಂಚಿನಲ್ಲಿ ಜುಲುವಿಗೆ ಬದಲಿಸಿ ಬರೆದುಕೊಳ್ಳಿ. ಜೂನ್ 14ರಂದು ಅರ್ಜೆಂಟೀನಾ ಪಡೆ ಶರಣಾದ ಪತ್ರದಲ್ಲಿ ಇರುವುದು 23:59 ಜುಲು. ಅರ್ಜೆಂಟೀನಾ ಸೈನಿಕನ ಕೈಗಡಿಯಾರದಲ್ಲಿ ಆಗ ರಾತ್ರಿ 8:59. ಇಬ್ಬರೂ ಸುಳ್ಳಾಡುತ್ತಿಲ್ಲ.

ಊರಿನ ಹೆಸರೂ ಎರಡೆರಡು: ದ್ವೀಪಗಳ ರಾಜಧಾನಿ ಸ್ಟ್ಯಾನ್ಲಿಯೇ ಅರ್ಜೆಂಟೀನಾದವರ ಬಾಯಲ್ಲಿ ಪ್ಯುಯೆರ್ತೊ ಅರ್ಜೆಂತಿನೊ. ಒಂದೇ ಹೆಸರಿಗೆ ತನ್ನಿ, ಇಲ್ಲವಾದರೆ ಒಂದೇ ಘಟನೆ ಎರಡಾಗಿಬಿಡುತ್ತದೆ.

ಆಮೇಲೆ, ಹೇಳುವವರು ಎಲ್ಲಿ ನಿಂತಿದ್ದರು ಎಂದು ಗುರುತಿಸಿ. ಮೇ 4ರಂದು ಬ್ರಿಟಿಷ್ ಯುದ್ಧನೌಕೆ ಶೆಫೀಲ್ಡ್‌ಗೆ ಎಕ್ಸೋಸೆಟ್ ಕ್ಷಿಪಣಿ ಬಡಿದಾಗ ಕೆಳ ಅಂತಸ್ತಿನಲ್ಲಿದ್ದವರಿಗೆ ಗೊತ್ತಾದದ್ದು ಸದ್ದು, ದಟ್ಟ ಹೊಗೆ ಅಷ್ಟೆ. ಕಂಡದ್ದು, ಕೇಳಿದ್ದು, ಆಮೇಲೆ ಓದಿ ತಿಳಿದದ್ದು ಮೂರಕ್ಕೂ ಬೇರೆ ಬೇರೆ ಬಣ್ಣದ ಗೆರೆ ಹಾಕಿ.

ದ್ವೀಪವಾಸಿಗಳನ್ನು ದಯವಿಟ್ಟು ಬಿಡಬೇಡಿ. ಗೂಸ್ ಗ್ರೀನ್ ಎಂಬ ಹಳ್ಳಿಯ ಸಮುದಾಯ ಭವನದಲ್ಲಿ ಅರ್ಜೆಂಟೀನಾ ಸೈನಿಕರು 114 ಮಂದಿಯನ್ನು ಸುಮಾರು ಒಂದು ತಿಂಗಳು ಕೂಡಿಹಾಕಿದ್ದರು. ಸ್ಟ್ಯಾನ್ಲಿಯಲ್ಲಿ ಸತ್ತ ಮೂವರು ಮಹಿಳೆಯರನ್ನು ಕೊಂದದ್ದು ಬ್ರಿಟಿಷ್ ನೌಕೆಯ ಶೆಲ್. ಸೈನಿಕರ ಮಾತನ್ನಷ್ಟೇ ಓದಿದರೆ ಇದು ಕೈತಪ್ಪುತ್ತದೆ.