ಹೊಸ ವರ್ಷಕ್ಕೆ 38 ಟ್ರೇ ಇಳಿಸಿದ ಅನುಭವ

ರಜೆ ಮುಗಿದು ಬಾಗಿಲು ತೆರೆದ ಮೊದಲ ದಿನ ನಮ್ಮ ಮಾಂಟೆಸ್ಸರಿ ಕೋಣೆಯ ಪ್ರಾಕ್ಟಿಕಲ್ ಲೈಫ್ ಶೆಲ್ಫಿನ (ಸುರಿಯುವುದು, ಒರೆಸುವುದು ಇಂಥ ದಿನನಿತ್ಯದ ಕೆಲಸಗಳ ಶೆಲ್ಫಿನ) ಮೇಲಿದ್ದದ್ದು ಐದೇ ಟ್ರೇ. ಒಂದು ಟ್ರೇ ಅಂದರೆ ಮಗು ತಾನೇ ತೆಗೆದು ಮಾಡುವ ಒಂದು ಕೆಲಸದ ಸಾಮಾನು. ಪಕ್ಕದ ಕೋಣೆಯ ಟೀಚರ್ ಬಾಗಿಲಲ್ಲೇ ನಿಂತು, "ಇದೇನು, ಸಾಮಾನು ಇನ್ನೂ ಬಂದಿಲ್ವಾ?" ಅಂದರು. ಬರುವುದು ಏನೂ ಇರಲಿಲ್ಲ, ನಾನು ತರಿಸಿಯೇ ಇರಲಿಲ್ಲ. ಇದ್ದದ್ದರಲ್ಲೇ 38 ಟ್ರೇ ಇಳಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಮಧ್ಯಾಹ್ನ ಆಡಳಿತದವರು ಕರೆದು, ಖಾಲಿ ಶೆಲ್ಫ್ ನೋಡಿದ ಪೋಷಕರಿಗೆ ಏನು ಉತ್ತರ ಕೊಡುತ್ತೀರಿ ಎಂದು ಕೇಳಿದರು. ಎಂಟು ವಾರ ಬಿಟ್ಟು ನೋಡಿ ಅಂದೆ. ಈಗ ಹನ್ನೊಂದನೇ ವಾರ. ಮೊನ್ನೆ ಅದೇ ಪಕ್ಕದ ಕೋಣೆಯವರು ತಮ್ಮ ಶೆಲ್ಫಿನ ಮುಂದೆ ಕೂತು ಟ್ರೇ ಎಣಿಸುತ್ತಿದ್ದರು. ಅದನ್ನು ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಮೊದಲು ಸೋತ ವರ್ಷಗಳ ಮಾತು. ಮೂರು ವರ್ಷದ ಹಿಂದೆ ಹೊಸ ವರ್ಷಕ್ಕೆ ಅಂತ ಒಂದೇ ದಿನ 22 ಹೊಸ ಟ್ರೇ ಜೋಡಿಸಿದ್ದೆ. ವರ್ಷವಿಡೀ ಸಾಮಗ್ರಿಗೆ ಅಂತ ಇಟ್ಟಿದ್ದ ಹಣದಲ್ಲಿ ಮೂರರಲ್ಲಿ ಎರಡು ಪಾಲು ಆ ಒಂದು ವಾರಕ್ಕೇ ಕರಗಿತು. ಮಕ್ಕಳು ಬಂದರು, ಎಲ್ಲವನ್ನೂ ಮುಟ್ಟಿದರು, ಒಂದರ ಮುಂದೂ ಕೂರಲಿಲ್ಲ. ಟ್ವೀಜರಿನಲ್ಲಿ (ಚಿಮುಟದಲ್ಲಿ) ಎತ್ತಲು ಇಟ್ಟಿದ್ದ ಸಣ್ಣ ಮಣಿಗಳೆಲ್ಲ ಮೂರನೇ ವಾರಕ್ಕೆ ನೆಲದ ಸಂದಿ ಸೇರಿದ್ದವು. ಅದರ ಮುಂದಿನ ವರ್ಷ ಪ್ರತಿ ಸೋಮವಾರ ಟ್ರೇ ಬದಲಿಸಿದೆ. ಅದು ಇನ್ನೂ ಕೆಟ್ಟದ್ದಾಯಿತು. ಶುಕ್ರವಾರ ಬೋಲ್ಟು-ನಟ್ಟಿನ ಹಲಗೆಯನ್ನು ಅರ್ಧಕ್ಕೆ ಬಿಟ್ಟು ಹೋದ ನಾಲ್ಕು ವರ್ಷದ ಹುಡುಗ ಸೋಮವಾರ ಬಂದು ಅದಿದ್ದ ಜಾಗದ ಮುಂದೆ ನಿಂತು ಅತ್ತ. ಆ ಅಳುವಿಗೆ ನಾನೇ ಹೊಣೆ. ಮೂರನೇ ವರ್ಷ ಕಾರ್ಡುಗಳ ಹುಚ್ಚು: ಪ್ರಿಂಟು, ಲ್ಯಾಮಿನೇಷನ್, ರಾತ್ರಿಯೆಲ್ಲ ಕತ್ತರಿ. ಶಾಯಿಗೂ ಲ್ಯಾಮಿನೇಷನ್ ಹಾಳೆಗೂ ಹೋದ ಹಣದಲ್ಲಿ ಒಂದು ಒಳ್ಳೆಯ ಸಿಲಿಂಡರ್ ಬ್ಲಾಕ್ (ಗುಳಿಗಳಲ್ಲಿ ಅಳತೆಗೆ ತಕ್ಕ ಸಿಲಿಂಡರ್ ಕೂರಿಸುವ ಮರದ ದಿಮ್ಮಿ) ಬರುತ್ತಿತ್ತು.

ಈ ಸಲ ರಜೆಗೆ ಮೊದಲಿನ ಎರಡು ವಾರ ಬೇರೇನೂ ಮಾಡದೆ ಲೆಕ್ಕ ಬರೆದೆ. ಕೋಣೆಯಲ್ಲಿ 90ರ ಹತ್ತಿರ ಕೆಲಸಗಳಿದ್ದವು, ಮಕ್ಕಳು 27. ಯಾವ ಟ್ರೇಯನ್ನು ಯಾರು ತೆಗೆದರು, ಎಷ್ಟು ಹೊತ್ತು ಕೂತರು, ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರೇ, ಇಷ್ಟೇ ಗೆರೆ ಎಳೆದೆ. ಮೂವತ್ತಕ್ಕೂ ಹೆಚ್ಚು ಟ್ರೇಗಳ ಎದುರು ಎರಡು ವಾರದಲ್ಲಿ ಒಂದು ಗೆರೆಯೂ ಬೀಳಲಿಲ್ಲ. ಏಳೆಂಟು ಟ್ರೇಗಳನ್ನು ತೆಗೆಯುತ್ತಿದ್ದರು, ಆದರೆ ಸುಮ್ಮನೆ ಹೊತ್ತು ತಿರುಗಲು. ಮತ್ತೆ ಮತ್ತೆ ಮಾಡಿದ್ದು ಹದಿನೈದಕ್ಕಿಂತ ಹೆಚ್ಚಿರಲಿಲ್ಲ. ಅದರಲ್ಲಿ ನಾನು ರಾತ್ರಿ ಕೂತು ಮಾಡಿದ ಒಂದು ಕಾರ್ಡೂ ಇರಲಿಲ್ಲ.

ಸಹಾಯಕಿಗೆ ಇಳಿಸುವುದು ಒಪ್ಪಿಗೆ ಇರಲಿಲ್ಲ. "ಇಷ್ಟಿದ್ದೂ ಜಗಳ ಆಡ್ತಾರೆ, ಕಮ್ಮಿ ಮಾಡಿದ್ರೆ ಕೂದಲು ಕಿತ್ತಾಡ್ತಾರೆ" ಅಂದರು. 1907ರಲ್ಲಿ ರೋಮ್‌ನ ಬಡವರ ಬಡಾವಣೆ ಸಾನ್ ಲೊರೆಂಜೊದಲ್ಲಿ ಶುರುವಾದ ಮೊದಲ ಮಾಂಟೆಸ್ಸರಿ ಶಾಲೆ 'ಮಕ್ಕಳ ಮನೆ'ಯಲ್ಲಿ ಆದದ್ದನ್ನು ಅವರಿಗೆ ನೆನಪಿಸಿದೆ. ಸಾಮಗ್ರಿ ಬೀಗದ ಬೀರುವಿನಲ್ಲಿರುತ್ತಿದ್ದ ಕಾಲ ಅದು. ಒಂದು ದಿನ ಬೀಗ ಹಾಕಿರಲಿಲ್ಲ, ಟೀಚರೂ ತಡವಾಗಿ ಬಂದರು, ಅಷ್ಟರಲ್ಲಿ ಮಕ್ಕಳು ತಮಗೆ ಬೇಕಾದ್ದನ್ನು ತಾವೇ ತೆಗೆದುಕೊಂಡು ಕೆಲಸಕ್ಕೆ ಕೂತಿದ್ದರು. ಈ ಪದ್ಧತಿ ಹುಟ್ಟುಹಾಕಿದ ಮಾರಿಯಾ ಮಾಂಟೆಸ್ಸರಿ ಅದನ್ನು ಕಳ್ಳತನ ಅನ್ನಲಿಲ್ಲ, ಮಕ್ಕಳಿಗೆ ಆರಿಸಿಕೊಳ್ಳಲು ಬರುತ್ತದೆ ಅಂದರು. ತಗ್ಗಿನ ತೆರೆದ ಶೆಲ್ಫ್ ಬಂದದ್ದು ಆಮೇಲೆ. ದಾನಿಗಳು ಕೊಟ್ಟ ಚಂದದ ಬೊಂಬೆಗಳನ್ನು ಆ ಬಡಮಕ್ಕಳು ಮೂಸಿಯೂ ನೋಡಲಿಲ್ಲ. ಆರಿಸಲು ಬರುವ ಮಗುವಿನ ಮುಂದೆ ಆರಿಸಲಾಗದಷ್ಟು ರಾಶಿ ಹಾಕಿದವಳು ನಾನು.

ಮೊದಲ ವಾರ ಕಷ್ಟವಾಯಿತು, ಮುಚ್ಚಿಡುವುದಿಲ್ಲ. ಎರಡನೇ ದಿನ ಒಂಬತ್ತೂವರೆಗೇ ಕೋಣೆ ಸಂತೆಯಂತಿತ್ತು. ನಾಲ್ಕನೇ ದಿನ ಮೇಜು ಉಜ್ಜುವ ಕೆಲಸ ಇಟ್ಟೆ, ಬಕೆಟ್ಟು, ಬ್ರಷ್ಷು, ಸೋಪು, ಒರೆಸುವ ಬಟ್ಟೆ ಎಲ್ಲ ಸೇರಿ ಇಪ್ಪತ್ತರ ಹತ್ತಿರ ಹಂತ. ಒಬ್ಬಳು ಅದೇ ಮೇಜನ್ನು ನಲವತ್ತು ನಿಮಿಷ ಉಜ್ಜಿದಳು. ನಾಲ್ವರು ತಮ್ಮ ಸರದಿಗೆ ಕೈಕಟ್ಟಿ ಕೂತು ನೋಡಿದರು. ಅಂದು ನನಗೆ ಧೈರ್ಯ ಬಂತು. ಆಮೇಲೆ ಎರಡು ದಿನಕ್ಕೊಂದು ಕೆಲಸ, ಅದೂ ಪ್ರೆಸೆಂಟೇಷನ್ ಕೊಟ್ಟ ಮೇಲೆಯೇ, ಅಂದರೆ ಮಾಡುವುದು ಹೇಗೆಂದು ಮಗುವಿಗೆ ಮಾಡಿ ತೋರಿಸಿದ ಮೇಲೆಯೇ, ಶೆಲ್ಫಿಗೆ. ಮೊದಲ ಪ್ರೆಸೆಂಟೇಷನ್ ಯಾವ ಮಗುವಿಗೆ ಕೊಡಬೇಕು ಎಂಬುದರಲ್ಲೇ ಅರ್ಧ ಗುಟ್ಟಿದೆ. ನಾನು ಹೇಗೆ ಆರಿಸುತ್ತೇನೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎರಡು ವಾರ ಗೆರೆ ಎಳೆದವರಿಗೆ ತಾನಾಗಿ ಹೊಳೆಯುತ್ತದೆ.

ಹಣ ಹಾಕಿದ್ದು ಎರಡೇ ಕಡೆ. ಒಂದು, ಪ್ಲಾಸ್ಟಿಕ್ ಹೂಜಿ-ಲೋಟ ಎಲ್ಲ ತೆಗೆದು ಗಾಜಿನವು ಮತ್ತು ಪಿಂಗಾಣಿಯವು ಇಟ್ಟೆ. ಜೋಡಿ ತಪ್ಪಿದ, ಯಾರೂ ಕೊಳ್ಳದ ಚಿಲ್ಲರೆ ಪಾತ್ರೆಗಳನ್ನೇ ಆರಿಸಿದೆ. ಮೊದಲ ವಾರ ಆರು ಒಡೆದವು, ಎರಡನೇ ವಾರ ಮೂರು, ಅಲ್ಲಿಂದ ಇಲ್ಲಿಯವರೆಗೆ ಎರಡೋ ಮೂರೋ ಇರಬೇಕು. ಒಡೆದದ್ದೆಲ್ಲ ಸೇರಿಸಿದರೂ ಹಿಂದಿನ ವರ್ಷದ ಲ್ಯಾಮಿನೇಷನ್ ಖರ್ಚಿನ ಕಾಲು ಭಾಗ ಆಗದು. ಒಡೆದ ಚೂರನ್ನು ನಾನೇ ಗುಡಿಸುತ್ತೇನೆ, ಮಕ್ಕಳು ದೂರ ನಿಂತು ನೋಡುತ್ತಾರೆ. ಅಂದಿನಿಂದ ಟ್ರೇ ಹಿಡಿದು ಓಡುವವರನ್ನು ನಾನು ಕಂಡಿಲ್ಲ.

ಇನ್ನೊಂದು ಪಿಂಕ್ ಟವರ್, ಅಂದರೆ ದೊಡ್ಡದರಿಂದ ಚಿಕ್ಕದಕ್ಕೆ ಒಂದರ ಮೇಲೊಂದು ಕಟ್ಟುವ ಹತ್ತು ಗುಲಾಬಿ ಮರದ ಘನಗಳು. ಬಣ್ಣ ಕಿತ್ತು ಮೂಲೆಗಳು ಬೆಳ್ಳಗಾಗಿದ್ದವು. ಹೊಸದರ ಬೆಲೆ ಕೇಳಿ ಎದೆ ಧಸಕ್ಕೆಂದಿತು, ನಾನೇ ಬಳಿದೆ. ಹೊಳಪು ಬರಲಿ ಅಂತ ಮೂರು ಕೋಟು ದಪ್ಪಗೆ ಹಚ್ಚಿದ್ದು ತಪ್ಪು. ಒಂದು ಮೂಲೆಗೆ ಸರಿಹೊಂದಿಸಿ ಕಟ್ಟಿದರೆ ಪ್ರತಿ ಮೆಟ್ಟಿಲ ಮೇಲೂ ಒಂದು ಸೆಂಟಿಮೀಟರಿನ ಚಿಕ್ಕ ಘನ ಸರಿಯಾಗಿ ಕೂರಬೇಕಲ್ಲ, ಕೂರಲಿಲ್ಲ. ಅಂಚಿನಿಂದ ಕೂದಲೆಳೆಯಷ್ಟು ಆಚೆ ಬರುತ್ತಿತ್ತು. ಐದು ವರ್ಷದವಳೊಬ್ಬಳು ಬೆರಳಾಡಿಸಿ, "ಇದು ದಪ್ಪ ಆಗಿದೆ" ಅಂದಳು. ಹತ್ತೂ ಘನಗಳನ್ನು ಮರಳು ಕಾಗದದಲ್ಲಿ ಉಜ್ಜಿ, ತೆಳುವಾಗಿ ಎರಡು ಕೋಟು ಬಳಿದೆ. ಎರಡು ಭಾನುವಾರ ಹೋದವು, ಖರ್ಚು ಹೊಸದರ ಹತ್ತನೇ ಒಂದು ಪಾಲು. ಈಗ ನಮ್ಮ ಟವರ್ ಹೊಸದಕ್ಕಿಂತ ಚೆನ್ನಾಗಿದೆ, ಯಾರು ಬೇಕಾದರೂ ಬಂದು ಅಳೆಯಬಹುದು.

ಹೊಸ ಕೆಲಸಗಳಲ್ಲಿ ಅತಿ ಹೆಚ್ಚು ಗೆರೆ ಬಿದ್ದದ್ದು ಬಿಡಿಗಾಸಿಲ್ಲದ್ದಕ್ಕೆ. ಟವರಿನ ಘನಗಳು ಒಂದು ಚಾಪೆಯ ಮೇಲೆ, ಕಂದು ಮೆಟ್ಟಿಲು (ಒಂದಕ್ಕಿಂತ ಒಂದು ದಪ್ಪವಾದ ಹತ್ತು ಮರದ ತುಂಡುಗಳು) ಕೋಣೆಯ ಆ ತುದಿಯ ಚಾಪೆಯ ಮೇಲೆ. ಒಂದು ಘನ ಮುಟ್ಟಿ ನೋಡಿ, ಅದನ್ನು ಅಲ್ಲೇ ಬಿಟ್ಟು, ಅದರ ದಪ್ಪಕ್ಕೆ ಸರಿಯಾದ ಮೆಟ್ಟಿಲನ್ನು ನೆನಪಿನಿಂದ ತರಬೇಕು. ಮಾಂಟೆಸ್ಸರಿ ಟೀಚರುಗಳಿಗೆಲ್ಲ ಗೊತ್ತಿರುವ ಆಟವೇ, ಆದರೆ ಶೆಲ್ಫ್ ತುಂಬಿದ್ದಾಗ ಹಾದಿಯೇ ಇರಲಿಲ್ಲ. ಈ ಕೋಣೆಯಲ್ಲಿ ಮೂರನೇ ವರ್ಷ ಇರುವ ಮಕ್ಕಳು, ಅಂದರೆ ಈ ಟವರನ್ನು ನೋಡಿ ನೋಡಿ ಸಾಕಾಗಿದ್ದವರೇ, ಇದಕ್ಕೆ ಸಾಲುಗಟ್ಟಿದರು. ಆಮೇಲೆ ಕಣ್ಣುಪಟ್ಟಿ ಕಟ್ಟಿಕೊಂಡು ಶುರು ಮಾಡಿದ್ದು ಅವರದೇ ಯೋಚನೆ.

ಮೂಸಿ ಜೋಡಿ ಹುಡುಕುವ ವಾಸನೆಯ ಸೀಸೆಗಳು ಮಾತ್ರ ಸೋತವು. ಒಂದೇ ವಾರಕ್ಕೆ ಆರೂ ಜೋಡಿ ಒಂದೇ ವಾಸನೆ. ಮುಚ್ಚಳ ಅದಲು ಬದಲಾಗಿದ್ದೇ ಕಾರಣ. ಮುಚ್ಚಳಕ್ಕೂ ಸೀಸೆಗೂ ತಳದಲ್ಲಿ ಒಂದೇ ಚುಕ್ಕೆ ಹಾಕಿ ಇನ್ನೊಮ್ಮೆ ನೋಡಬೇಕು. ಅಲ್ಲಾಡಿಸಿ ಸದ್ದಿನಿಂದ ಜೋಡಿ ಹುಡುಕುವ ಶಬ್ದದ ಡಬ್ಬಿಗಳಲ್ಲೂ ಎರಡು ಜೋಡಿ ಹೆಚ್ಚುಕಮ್ಮಿ ಒಂದೇ ಸದ್ದು ಮಾಡುತ್ತಿದ್ದವು. ಒಳಗಿನ ಕಾಳು ಪುಡಿಯಾಗಿತ್ತು. ಬದಲಿಸಿದ ಮೇಲೆ ಸರಿಹೋಯಿತು. ಮಗುವಿಗೆ ಕಿವಿ ಸೂಕ್ಷ್ಮವಿಲ್ಲ ಅಂತ ಬರೆದಿಟ್ಟಿದ್ದ ನನ್ನ ಎರಡು ಟಿಪ್ಪಣಿಗಳನ್ನು ಹೊಡೆದು ಹಾಕಿದೆ.

ವಿಷಯ ಬಿಟ್ಟು ಸ್ವಲ್ಪ ಆಚೆ ಹೋಗುತ್ತೇನೆ, ಕನ್ನಡದ ಮೂವಬಲ್ ಆಲ್ಫಬೆಟ್ (ಚಾಪೆಯ ಮೇಲೆ ಜೋಡಿಸಿ ಪದ ಕಟ್ಟುವ ಬಿಡಿ ಅಕ್ಷರಗಳು) ಬಗ್ಗೆ. ಹಿಂದೊಮ್ಮೆ 34 ವ್ಯಂಜನಗಳಿಗೂ ಪೂರ್ತಿ ಕಾಗುಣಿತ ಕತ್ತರಿಸಲು ಹೊರಟು ಲೆಕ್ಕ 400 ದಾಟಿತ್ತು. ಪೆಟ್ಟಿಗೆ ಮಗುವಿಗಿಂತ ದೊಡ್ಡದು, ಒಂದು ಪದ ಬರೆಯಲು ಹತ್ತು ನಿಮಿಷ ಹುಡುಕಾಟ. ಈ ಸಲ ತಲೆಕಟ್ಟನ್ನು ಬೇರೆ ಮಾಡಿದೆ. ತಲೆಕಟ್ಟಿಲ್ಲದ ವ್ಯಂಜನ ಕೆಂಪು, ತಲೆಕಟ್ಟು ಮತ್ತು ಗುಣಿತದ ಚಿಹ್ನೆಗಳು ನೀಲಿ, ಒತ್ತು ಹಸಿರು. ತಲೆಕಟ್ಟು ತೆಗೆದು ಗುಡಿಸು ಇಟ್ಟರೆ ಕ ಹೋಗಿ ಕಿ ಆಗುವುದು ಮಗುವಿನ ಕೈಯಲ್ಲೇ ನಡೆಯುತ್ತದೆ. ಒತ್ತನ್ನು ಪಕ್ಕಕ್ಕೆ ಇಡುತ್ತಿದ್ದರು, ಚಾಪೆಗೆ ಗೆರೆ ಹೊಲಿದ ಮೇಲೆ ಅದು ಗೆರೆಯ ಕೆಳಗೆ ಹೋಯಿತು. ಐದು ದಾಟಿದ ಹುಡುಗ "ಹಕ್ಕಿ" ಬರೆದು ಎದ್ದು ನಿಂತ. ಬ, ಲ, ಜ, ಟಗಳಿಗೆ ತಲೆಕಟ್ಟೇ ಇಲ್ಲವಲ್ಲ, ಅವಕ್ಕೇನು ಮಾಡುವುದು ಅಂತ ಕೇಳಬೇಡಿ. ಒಂದು ಉಪಾಯ ಹೂಡಿದ್ದೇನೆ, ಗಟ್ಟಿಯಾದ ಮೇಲೆ ಹೇಳುತ್ತೇನೆ.

ಈಗ ಕೋಣೆಯಲ್ಲಿ ಮೊದಲಿಗಿಂತ ಕಡಿಮೆ ಕೆಲಸಗಳಿವೆ. ಮಕ್ಕಳು ತಾವೇ ಆರಿಸಿಕೊಂಡು ಕೆಲಸ ಮಾಡುವ ಮೂರು ಗಂಟೆಯ ವರ್ಕ್ ಸೈಕಲ್‌ನಲ್ಲಿ ಹತ್ತೂವರೆಯ ಹೊತ್ತಿಗೆ ಏಳುವ ಗದ್ದಲ ಈಗಲೂ ಇದೆ, ಆದರೆ ಹತ್ತು ನಿಮಿಷದಲ್ಲಿ ತಾನೇ ಇಳಿಯುತ್ತದೆ. ಮೊದಲು ನಾನು ಗಂಟೆ ಬಾರಿಸುತ್ತಿದ್ದೆ. ಖಾಲಿ ಶೆಲ್ಫಿನ ಬಗ್ಗೆ ಕೇಳಿದ ಪೋಷಕರು ಇಬ್ಬರೇ. ಅವರನ್ನು ಒಂದು ಬೆಳಿಗ್ಗೆ ಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆ, ಮತ್ತೆ ಕೇಳಲಿಲ್ಲ. ವರ್ಷದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಕೈಯಲ್ಲಿದೆ. ಟ್ರೈನಾಮಿಯಲ್ ಕ್ಯೂಬಿನ (ಬಣ್ಣ ನೋಡಿ ಜೋಡಿಸಿ ಒಂದು ಘನ ಕಟ್ಟುವ ಮರದ ಸಾಮಗ್ರಿಯ) 27 ತುಂಡುಗಳಲ್ಲಿ ಕಳೆದುಹೋದ ಒಂದಕ್ಕೆ ಬಡಗಿಯನ್ನು ಹುಡುಕುತ್ತಿದ್ದೇನೆ. ಬೀರುವಿನಲ್ಲಿ ಹದಿನಾಲ್ಕು ಟ್ರೇ ಉಳಿದಿವೆ. ಹನ್ನೊಂದು ವಾರದಲ್ಲಿ ಒಂದು ಮಗುವೂ ಅವುಗಳ ಹೆಸರೆತ್ತಿಲ್ಲ. ಬೋಲ್ಟು-ನಟ್ಟಿನ ಹಲಗೆಯನ್ನು ಮಾತ್ರ ಈ ಸಲ ಒಂದು ದಿನವೂ ಇಳಿಸಲಿಲ್ಲ.