ಸದ್ದು ಇಳಿಸಿದೆವು, ಒತ್ತಕ್ಷರ ಕೇಳಿಸಿತು

ಕಾಸರಗೋಡಿನ ನೀರ್ಚಾಲಿನ ಹತ್ತಿರ ನಮ್ಮ ಮನೆಯ ಅಡಿಕೆ ಕೋಣೆಯೇ ನಮ್ಮ ಬ್ಯಾಂಡಿನ ಸ್ಟುಡಿಯೋ. ನಾವು ನಾಲ್ವರು. ಗಿಟಾರ್, ಚೆಂಡೆ, ಹಾಡು ಉಳಿದ ಮೂವರದ್ದು. ಸಿಂತ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಮತ್ತು ಮಿಕ್ಸಿಂಗ್, ಅಂದರೆ ಎಲ್ಲರ ಸದ್ದನ್ನು ಹದವಾಗಿ ಸೇರಿಸುವ ಕೆಲಸ, ನನ್ನದು. ಮೊದಲ ಮೂರು ವರ್ಷ ಬರೀ ಪ್ರಯೋಗ. ಚೆಂಡೆಯ ಪೆಟ್ಟನ್ನು ಡಿಸ್ಟಾರ್ಷನ್ ಪೆಡಲಿಗೆ ಕೊಟ್ಟು ಸದ್ದನ್ನು ಒರಟು ಮಾಡಿದೆವು. ಅಡಿಕೆ ಸುಲಿಯುವ ಮೆಷಿನಿನ ಸದ್ದನ್ನು ಲೂಪ್ ಮಾಡಿ ಮತ್ತೆ ಮತ್ತೆ ಓಡಿಸಿದೆವು. ಆ ದಿನಗಳ ಮೇಲೆ ನನಗೆ ಈಗಲೂ ಪ್ರೀತಿ ಇದೆ.

ಒಂದು ದಿನ ಅಮ್ಮನಿಗೆ ಹೊಸ ಹಾಡು ಕೇಳಿಸಿದೆ. "ಲಾಯ್ಕ ಉಂಟು ಮಗಾ. ಆದ್ರೆ ಅವ ಹೇಳುದೆಂತ? ಕನ್ನಡವಾ, ಮಲಯಾಳವಾ?" ಅಂದರು.

ನಮ್ಮೂರಿನಲ್ಲಿ ಇದು ಸಣ್ಣ ಮಾತಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಉಳಿಸಿಕೊಳ್ಳಲು ಹಿರಿಯರು ಎಷ್ಟು ಓಡಾಡಿದ್ದಾರೆ! ನಾವೋ, ಕನ್ನಡದಲ್ಲೇ ಹಾಡುತ್ತೇವೆ ಅಂತ ಹಟ ಹಿಡಿದು, ಆ ಕನ್ನಡವೇ ಕೇಳಿಸದ ಹಾಗೆ ಮಾಡಿದ್ದೆವು.

ರಾತ್ರಿ ಕೂತು ಒಂದೊಂದೇ ಟ್ರ್ಯಾಕ್ ಕೇಳಿದೆ. 'ಕತ್ತಲೆ' ಅನ್ನುವ ಪದದಲ್ಲಿ ಸಿಕ್ಕಿಬಿದ್ದೆ. 'ತ್ತ' ಹೇಳುವಾಗ ನಾಲಿಗೆ ಹಲ್ಲಿಗೆ ಒತ್ತಿ ಅರೆಗಳಿಗೆ ಸದ್ದು ನಿಲ್ಲುತ್ತದೆ. ಆ ಖಾಲಿ ಜಾಗದಲ್ಲೇ ಒತ್ತು ಇರುವುದು. ನಮ್ಮ ಮೂರು ಸೆಕೆಂಡಿನ ರಿವರ್ಬ್, ಅಂದರೆ ಹಾಡಿಗೆ ಸೇರಿಸಿದ ಮಾರ್ದನಿ, ಅದನ್ನು ತುಂಬಿಬಿಡುತ್ತಿತ್ತು. ರಿವರ್ಬನ್ನು ಒಂದು ಸೆಕೆಂಡಿಗೆ ಇಳಿಸಿದೆ, ಅದು ಶುರುವಾಗುವುದನ್ನು 60 ಮಿಲಿಸೆಕೆಂಡ್ ತಡ ಮಾಡಿದೆ. ಒತ್ತು ಹೊರಗೆ ಬಂತು! ಆಮೇಲೆ ಐದು ಸಿಂತ್ ಪದರಗಳಲ್ಲಿ ಮೂರನ್ನು ತೆಗೆದೆ. ಉಳಿದ ಎರಡರಲ್ಲಿ 3,000 ಹರ್ಟ್ಸಿನ ಸುತ್ತಮುತ್ತಲಿನ ಸದ್ದನ್ನು 4 ಡೆಸಿಬೆಲ್ ತಗ್ಗಿಸಿದೆ, ಹಾಡುವವನ ವ್ಯಂಜನಗಳಿಗೆ ಬೇಕಾದ ಜಾಗ ಅದು. ಗಿಟಾರಿನಲ್ಲಿ 100 ಹರ್ಟ್ಸಿಗಿಂತ ಕೆಳಗಿನ ದಪ್ಪ ಸದ್ದೆಲ್ಲ ಹೋಯಿತು.

ಚೆಂಡೆಯದ್ದೇ ಕಷ್ಟ. ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರ್ ಬೇಗ ಹಿಡಿದರೆ ಕೋಲಿನ ಪೆಟ್ಟೇ ಸತ್ತುಹೋಗುತ್ತದೆ. ಅಟ್ಯಾಕನ್ನು, ಅಂದರೆ ಅದು ಹಿಡಿಯಲು ತೆಗೆದುಕೊಳ್ಳುವ ಹೊತ್ತನ್ನು, 30 ಮಿಲಿಸೆಕೆಂಡಿಗೆ ಇಟ್ಟೆ, ಪೆಟ್ಟು ದಾಟಿ ಹೋಗಲಿ ಅಂತ. ಡಿಸ್ಟಾರ್ಷನನ್ನು ಬೇರೆ ಟ್ರ್ಯಾಕಿನಲ್ಲಿ ಹಾಕಿ, ಶುದ್ಧ ಚೆಂಡೆಯ ಅಡಿಗೆ ತೆಳುವಾಗಿ ಸೇರಿಸಿದೆ.

ಗಿಟಾರ್ ಗೆಳೆಯನಿಗೆ ಬೇಜಾರಾಯಿತು. "ಇಷ್ಟು ತೊಳೆದರೆ ನಮ್ಮದು ಅಂತ ಎಂತ ಉಳೀತದೆ ಮಾರಾಯ?" ಅಂದ. ಅವನ ಹೆದರಿಕೆ ಸುಮ್ನೆ ಅಲ್ಲ. ನಾನು ಜರ್ಮನಿಯ ಕ್ರಾಫ್ಟ್‌ವರ್ಕ್ ಬ್ಯಾಂಡಿನ ಮಾತು ತೆಗೆದೆ. 1970ರಲ್ಲಿ ಕೊಳಲು, ಗದ್ದಲ ಎಲ್ಲ ಸೇರಿಸಿ ಪ್ರಯೋಗ ಮಾಡುತ್ತಿದ್ದವರು ಅವರು. 1974ರಲ್ಲಿ 'ಆಟೋಬಾನ್' ಬರುವಾಗ ಸದ್ದು ಎಷ್ಟೋ ನಯವಾಗಿತ್ತು. 22 ನಿಮಿಷ ದಾಟುವ ಆ ಹಾಡನ್ನು ರೇಡಿಯೋಗಾಗಿ ಮೂರೂವರೆ ನಿಮಿಷಕ್ಕೆ ಇಳಿಸಿದರು. ಹಾಗಂತ ಅದು ಬೇರೆಯವರ ಹಾಡಾಗಲಿಲ್ಲ, ಅಲ್ವಾ?

ಅವನು ಪೂರ್ತಿ ಒಪ್ಪಲಿಲ್ಲ. ನಮ್ಮ ಹನ್ನೊಂದು ನಿಮಿಷದ ಹಾಡು ಐದಕ್ಕೆ ಇಳಿಯಿತು, ಆದರೆ ಅಡಿಕೆ ಮೆಷಿನಿನ ಲೂಪನ್ನು ಮುಟ್ಟಲು ಅವನು ಬಿಡಲಿಲ್ಲ. ಈಗ ಕೇಳುವಾಗ ಅದು ಇರಬೇಕಿತ್ತು ಅಂತಲೇ ನನಗೂ ಅನಿಸುತ್ತದೆ. ಮಾತು ನಿಂತ ಕಡೆ ಮಾತ್ರ ಅದು ಮೇಲೆ ಬರುತ್ತದೆ.

ಮೊನ್ನೆ ಅಮ್ಮ ಅಂಗಳದಲ್ಲಿ ಅಡಿಕೆ ಹರಡುತ್ತಾ ಎರಡನೇ ಚರಣ ಗುನುಗುತ್ತಿದ್ದರು. 'ಕತ್ತಲೆ'ಯ ಒತ್ತು ಸರಿಯಾಗಿಯೇ ಇತ್ತು.